ಹೊಸ ಲೈನ್ ಬರುವ ಮುನ್ನವೇ ಹಳೆಯ ಬ್ರಾಡ್‌ಬ್ಯಾಂಡ್ ನಿಲ್ಲಿಸುತ್ತಿರುವ ಬಗ್ಗೆ ದೂರು

ಇಂದ:
ಫೈಬರ್ ಸಂಪರ್ಕ ಪಡೆದ ಮನೆ ಹಾಗೂ ಹೋಂಸ್ಟೇ ಗ್ರಾಹಕರು,
ಮಡಿಕೇರಿ ತಾಲ್ಲೂಕು, ಕೊಡಗು ಜಿಲ್ಲೆ

ಗೆ:
ಮುಖ್ಯಸ್ಥರು, ಗ್ರಾಹಕರ ದೂರು ವಿಭಾಗ,
ನಮಗೆ ಈವರೆಗೆ ಬ್ರಾಡ್‌ಬ್ಯಾಂಡ್ ಸೇವೆ ನೀಡುತ್ತಿರುವ ಸಂಸ್ಥೆ

ವಿಷಯ: ಕಂಪನಿ ಬದಲಿಸುವ ಗ್ರಾಹಕರ ಸಂಪರ್ಕವನ್ನು ಅವರು ಕೇಳಿದ ದಿನಾಂಕಕ್ಕೆ ಮೊದಲೇ ಕಡಿತಗೊಳಿಸುತ್ತಿರುವುದು, ನಡುವಿನ ದಿನಗಳಿಗೆ ಯಾವ ವ್ಯವಸ್ಥೆಯನ್ನೂ ಮಾಡದಿರುವುದು.

ಮಾನ್ಯರೇ,

ಸಂಪರ್ಕ ಮುಚ್ಚುವ ಅರ್ಜಿಯಲ್ಲಿ ತಿಂಗಳ ಕೊನೆಯ ದಿನಾಂಕ ಬರೆದುಕೊಟ್ಟರೂ, ಅರ್ಜಿ ದಾಖಲಾದ ದಿನವೇ ನಿಮ್ಮವರು ಲೈನ್ ನಿಲ್ಲಿಸುತ್ತಿದ್ದಾರೆ. ಬಿಲ್ ಮಾತ್ರ ತಿಂಗಳ ಕೊನೆಯವರೆಗೂ ಬರುತ್ತದೆ. ಅತ್ತ ಹೊಸ ಕಂಪನಿಯ ಕೇಬಲ್ ಇನ್ನೂ ರಸ್ತೆ ಬದಿಯ ಕಂಬದಲ್ಲೇ ಸುತ್ತಿಕೊಂಡಿರುತ್ತದೆ. ಆಟಿ ಮಳೆಯಲ್ಲಿ ಹೊಸ ಹೆಂಚು ಬರುವ ಮೊದಲೇ ಹಳೆ ಹೆಂಚು ಇಳಿಸಿದ ಹಾಗಿದೆ ಈ ಪದ್ಧತಿ. ಹಳೆಯ ಲೈನ್ ಯಾವತ್ತು ನಿಲ್ಲಬೇಕು ಎಂಬುದನ್ನು ಹಣ ಕಟ್ಟುವ ಗ್ರಾಹಕ ಹೇಳಬೇಕು, ನಿಮ್ಮ ಸಾಫ್ಟ್‌ವೇರ್ ಅಲ್ಲ. ಎರಡೂ ಲೈನ್ ಒಟ್ಟಿಗಿರುವ ದಿನಗಳ ಬಾಡಿಗೆ ಕೊಡಲು ನಾವು ಸಿದ್ಧ. ಪುಕ್ಕಟೆ ಏನನ್ನೂ ಕೇಳುತ್ತಿಲ್ಲ.

ಮೊಬೈಲ್ ನಂಬರ್ ಪೋರ್ಟ್ ಮಾಡುವಾಗ ಹೊಸ ಸಿಮ್ ಚಾಲೂ ಆಗುವವರೆಗೆ ಹಳೆಯ ಸಿಮ್ ಬಹುತೇಕ ಕೆಲಸ ಮಾಡುತ್ತಲೇ ಇರುತ್ತದೆ. 2011ರಿಂದ ದೇಶದಾದ್ಯಂತ ಆ ಸೌಲಭ್ಯವಿದೆ. ಮನೆಯ ಬ್ರಾಡ್‌ಬ್ಯಾಂಡ್‌ಗೆ ಅಂಥ ಪೋರ್ಟಿಂಗ್ ಇಲ್ಲ. ಇಲ್ಲಿ ಕಂಪನಿ ಬದಲಿಸುವುದೆಂದರೆ ಒಂದು ಸಂಪರ್ಕ ಮುಚ್ಚಿ ಇನ್ನೊಂದನ್ನು ಮೊದಲಿನಿಂದ ಪಡೆಯುವುದು. ಹಾಗಾಗಿ ನಡುವಿನ ದಿನಗಳು ಪೂರ್ತಿ ನಿಮ್ಮ ಕೈಯಲ್ಲಿವೆ.

"ಒಂದೇ ಮನೆಯಲ್ಲಿ ಎರಡು ಲೈನ್ ಇರೋಕಾಗಲ್ಲ ಸಾರ್" ಎಂದು ಗ್ರಾಹಕ ಸೇವೆಯವರು ಹೇಳುವುದು ತಪ್ಪು. ನಿಮ್ಮ ಓಎನ್‌ಟಿ (ಮನೆಯಲ್ಲಿಡುವ ಫೈಬರ್ ಡಬ್ಬಿ) ನಿಮ್ಮ ಓಎಲ್‌ಟಿಯಲ್ಲಿ (ಕಂಪನಿಯ ಕಡೆಯ ಯಂತ್ರ) ತನ್ನ ಸೀರಿಯಲ್ ನಂಬರ್‌ನಿಂದ ನೋಂದಾಯಿತವಾಗಿರುತ್ತದೆ, ಹೊಸ ಕಂಪನಿಯದ್ದು ಅವರ ಓಎಲ್‌ಟಿಯಲ್ಲಿ. ಫೈಬರ್ ಎಳೆಯೂ ಬೇರೆ, ಒಂದು ಎಳೆಯ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರ್ ಕೂಡ ಬೇರೆ. ಎರಡು ಡಬ್ಬಿಗಳನ್ನು ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೂ ಒಂದರ ಬೆಳಕು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಎರಡರ ವೈಫೈಗೂ ಒಂದೇ ಚಾನೆಲ್ ಕೊಡದಿದ್ದರೆ ಸಾಕು.

ನಿಜವಾದ ಅಡಚಣೆ ಬೇರೆಯೇ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಲಿ ಎಷ್ಟೋ ಕಡೆ ಎರಡೂ ಕಂಪನಿಗಳ ಕೆಲಸ ಮಾಡುವವರು ಅದೇ ಸ್ಥಳೀಯ ಕೇಬಲ್ ಆಪರೇಟರ್. ತೋಟದ ನಡುವೆ ಸಿಲ್ವರ್ ಓಕ್ ಮರದಿಂದ ಮರಕ್ಕೆ ಹೊಸ ಡ್ರಾಪ್ ಕೇಬಲ್ (ಸ್ಪ್ಲಿಟರ್‌ನಿಂದ ಮನೆಯವರೆಗಿನ ಕೇಬಲ್) ಎಳೆಯುವುದು ಕಷ್ಟವೆಂದು, ಇರುವ ಕೇಬಲ್‌ನ ತುದಿಯನ್ನೇ ನಿಮ್ಮ ಸ್ಪ್ಲಿಟರ್‌ನಿಂದ ಕಿತ್ತು ಹೊಸ ಕಂಪನಿಯದ್ದಕ್ಕೆ ಸೇರಿಸುತ್ತಾರೆ. ಆಗ ಹಳೆಯದು ಸತ್ತ ಮೇಲೆಯೇ ಹೊಸದಕ್ಕೆ ಜೀವ. ಇದಕ್ಕೂ ದಾರಿಯಿದೆ. ಡ್ರಾಪ್ ಕೇಬಲ್ ಎರಡು ಎಳೆಯದ್ದಾಗಿದ್ದರೆ ಒಂದು ಎಳೆ ಖಾಲಿ ಬಿದ್ದಿರುತ್ತದೆ. ಅದಕ್ಕೆ ಎರಡೂ ತುದಿಯಲ್ಲಿ ಸ್ಪ್ಲೈಸ್ (ಎಳೆಗಳ ಬೆಸುಗೆ) ಹಾಕಿ ಹಸಿರು ಕನೆಕ್ಟರ್ ಕೂರಿಸಿದರೆ ಹೊಸ ಲೈನ್ ಅದರ ಮೇಲೆಯೇ ಬರುತ್ತದೆ, ಹಳೆಯದು ಅಲುಗಾಡುವುದಿಲ್ಲ. ಒಂದೇ ಎಳೆಯ ಕೇಬಲ್ ಇದ್ದಲ್ಲಿ ಹೊಸದನ್ನು ಎಳೆಯಲೇಬೇಕು. ನಿಮ್ಮ ಕೇಬಲ್ ಯಾವ ಬಗೆಯದ್ದು ಎಂದು ಕೇಳಿದರೆ ನಿಮ್ಮ ಕಚೇರಿಯಲ್ಲಿ ಉತ್ತರವಿಲ್ಲ. ಅಳವಡಿಕೆಯ ದಿನವೇ ಅದನ್ನು ಗ್ರಾಹಕರ ಖಾತೆಯಲ್ಲಿ ಬರೆದಿಡಲು ಏನು ತೊಂದರೆ?

ಇನ್ನು ನಿಮ್ಮ ಎರಡನೇ ಉತ್ತರ: "ಎರಡು ದಿನ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಳ್ಳಿ." ಬೆಂಗಳೂರಿನಲ್ಲಿ ಕೂತು ಹೇಳಲು ಇದು ಸುಲಭ. ಇಲ್ಲಿನ ಹಳೆಯ ಮನೆಗಳ ದಪ್ಪ ಗೋಡೆಯ ಒಳಗೆ ಸಿಗ್ನಲ್ ಬರುವುದೇ ಕಷ್ಟ. ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಇಳಿದು, ಡೀಸೆಲ್ ಬಾರದಿದ್ದರೆ ಅದೂ ಇಲ್ಲ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ವಿಡಿಯೋ ಮೀಟಿಂಗ್‌ಗೆ ಒಂದು ಹೊತ್ತಿಗಷ್ಟೇ ಸಾಲುತ್ತದೆ. ಏಕೆಂದರೆ ಗಂಟೆಗೆ ಸುಮಾರು ಅರ್ಧದಿಂದ ಒಂದು ಜಿಬಿ ಹೋಗುತ್ತದೆ. ಮಿತಿ ಮುಗಿದ ಮೇಲೆ ಅನೇಕ ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅದರಲ್ಲಿ ಯುಪಿಐ ಪಾವತಿಯೂ ತಡವರಿಸುತ್ತದೆ. ಫೋನ್ ಇಟ್ಟುಕೊಂಡವರು ಸಂತೆಗೆ ಹೋದರೆ ಮನೆಯ ಇಂಟರ್ನೆಟ್ಟೂ ಅವರ ಹಿಂದೆಯೇ ಹೋಗುತ್ತದೆ.

ತಾತ್ಕಾಲಿಕ ವ್ಯವಸ್ಥೆ ಸಾಧ್ಯವೇ ಇಲ್ಲ ಎಂದಲ್ಲ. ಸರಿಯಾಗಿ ಮಾಡಿದರೆ ಕೆಲವು ದಿನ ತಳ್ಳಬಹುದು, ಆದರೆ ಅದನ್ನು ಹೇಳಿಕೊಡುವ ಕೆಲಸ ನಿಮ್ಮದು. ನಿಮ್ಮ ಸಹಾಯವಾಣಿಯವರಿಗೆ ಕನಿಷ್ಠ ಇಷ್ಟಾದರೂ ಗೊತ್ತಿರಲಿ. ಫೋನ್‌ಗಿಂತ ಸಿಮ್ ಹಾಕುವ 4ಜಿ ರೂಟರ್ ಮೇಲು, ಅದರಲ್ಲೂ ಹೊರಗಿನ ಆಂಟೆನಾ ಸಿಕ್ಕಿಸಲು ಎರಡು ಕಿಂಡಿ ಇರುವಂಥದ್ದು. ಅದನ್ನು ಟಿವಿ ಪಕ್ಕದಲ್ಲಲ್ಲ, ಟವರ್ ಕಡೆಗಿನ ಮೇಲಂತಸ್ತಿನ ಕಿಟಕಿಯಲ್ಲಿ ಇಡಬೇಕು. ಸಿಗ್ನಲ್ ಕಡ್ಡಿಗಳನ್ನು ನೋಡಿ ಪ್ರಯೋಜನವಿಲ್ಲ. ರೂಟರ್‌ನ ಪುಟದಲ್ಲಿ ಆರ್‌ಎಸ್‌ಆರ್‌ಪಿ (ಸಿಗ್ನಲ್‌ನ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ನೋಡಬೇಕು: ಮೈನಸ್ 90ರ ಆಸುಪಾಸು ಇದ್ದರೆ ಚೆನ್ನ, ಮೈನಸ್ 110 ದಾಟಿದರೆ ಜಾಗ ಬದಲಿಸಲೇಬೇಕು. ಸಿಮ್ ಕೊಳ್ಳುವ ಮುಂಚೆ ಬ್ಯಾಂಡ್, ಅಂದರೆ ಸಿಗ್ನಲ್ ಯಾವ ಆವರ್ತನದಲ್ಲಿ ಬರುತ್ತದೆ ಎಂಬುದನ್ನು ವಿಚಾರಿಸಬೇಕು. ಕಾಡು, ಗುಡ್ಡ, ತೋಟದ ನೆರಳು ದಾಟಿ ಬರುವುದು ಕಡಿಮೆ ಆವರ್ತನದ ಅಲೆ. ಉದಾಹರಣೆಗೆ ಬಿಎಸ್‌ಎನ್‌ಎಲ್‌ನ 4ಜಿ 700 ಮೆಗಾಹರ್ಟ್ಸ್‌ನಲ್ಲೂ ಬರುತ್ತದೆ, ಆದರೆ ಆ ಆವರ್ತನದ ಬ್ಯಾಂಡ್ 28 ಇಲ್ಲದ ಅಗ್ಗದ ರೂಟರ್ ಅದನ್ನು ಹಿಡಿಯುವುದೇ ಇಲ್ಲ.

ಹೊಸ ರೂಟರ್‌ಗೆ ಹಳೆಯ ವೈಫೈ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೆ ಟಿವಿ, ಪ್ರಿಂಟರ್, ಕ್ಯಾಮೆರಾ ಎಲ್ಲವೂ ತಾವಾಗಿಯೇ ಸೇರಿಕೊಳ್ಳುತ್ತವೆ, ಕ್ಯಾಮೆರಾಗಳಿಗಾಗಿ 2.4 ಗಿಗಾಹರ್ಟ್ಸ್ ಚಾಲೂ ಇರಲಿ. ಸೇರಿಕೊಂಡ ಮೇಲೆ ಅವು ಡೇಟಾವನ್ನೂ ತಿನ್ನುತ್ತವೆ. ಹಾಗಾಗಿ ಕ್ಯಾಮೆರಾದ ಕ್ಲೌಡ್ ಅಪ್‌ಲೋಡ್, ಫೋನಿನ ಫೋಟೋ ಬ್ಯಾಕಪ್ ನಿಲ್ಲಿಸಬೇಕು, ವಿಂಡೋಸ್‌ನಲ್ಲಿ ಆ ವೈಫೈಯನ್ನು ಮೀಟರ್ಡ್ (ಡೇಟಾ ಮಿತಿ ಇರುವ ಸಂಪರ್ಕ) ಎಂದು ಗುರುತಿಸಬೇಕು, ವಿಡಿಯೋವನ್ನು 480ಪಿಗೆ ಇಳಿಸಬೇಕು. ಒಂದು ಮಾತು ಮೊದಲೇ ಹೇಳಿಬಿಡಿ: ಮೊಬೈಲ್ ಜಾಲದಲ್ಲಿ ಸಾಮಾನ್ಯವಾಗಿ ಒಂದೇ ಐಪಿ ವಿಳಾಸವನ್ನು ಅನೇಕರು ಹಂಚಿಕೊಂಡಿರುವುದರಿಂದ, ರೂಟರ್‌ನಲ್ಲಿ ಪೋರ್ಟ್ (ಒಳಬರುವ ದಾರಿ) ತೆರೆದು ಹೊರಗಿನಿಂದ ನೋಡುವ ಹಳೆಯ ಡಿವಿಆರ್ (ಕ್ಯಾಮೆರಾ ರೆಕಾರ್ಡರ್) ಆ ದಿನಗಳಲ್ಲಿ ಕಾಣುವುದಿಲ್ಲ. ರೂಟರ್ ಹಾಳಾಗಿದೆಯೆಂದು ಜನ ಅಂಗಡಿಗೆ ಅಲೆಯುವುದು ತಪ್ಪುತ್ತದೆ. ಓಎನ್‌ಟಿಗೆ ಹಾಕಿದ್ದ 12 ವೋಲ್ಟ್‌ನ ಮಿನಿ ಯುಪಿಎಸ್ ಈ ರೂಟರ್‌ಗೂ ಆಗಬಹುದು; ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಎರಡನ್ನೂ ನೋಡಿಕೊಂಡೇ ಹಾಕಬೇಕು. ಕೆಲವು 4ಜಿ ರೂಟರ್‌ಗಳು 9 ವೋಲ್ಟ್‌ನವು, ಅವಕ್ಕೆ 12 ಕೊಟ್ಟರೆ ಸುಟ್ಟುಹೋಗುವ ಸಾಧ್ಯತೆಯಿದೆ.

ಎಷ್ಟೇ ಮಾಡಿದರೂ ಇದು ಊರುಗೋಲು ಮಾತ್ರ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಹೋಂಸ್ಟೇಯವರು ವಿವರಗಳನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಟವರ್ ಬಿದ್ದಿತ್ತು ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ.

ಹಳೆಯ ಲೈನ್ ಇನ್ನೂ ಕೆಲವು ದಿನ ಇರಲಿ ಎಂದು ಕೇಳಲು ಇನ್ನೊಂದು ಬಲವಾದ ಕಾರಣ ಹೊಸ ಲೈನ್‌ನ ಗುಣಮಟ್ಟ. ಅಳವಡಿಸಿದವರು ಓಎನ್‌ಟಿಯ ಪಾನ್ ದೀಪ (ಸಂಪರ್ಕ ಸಿಕ್ಕ ಸೂಚನೆ) ಹಸಿರಾದ ಕೂಡಲೇ ಫೋಟೋ ತೆಗೆದು ಹೊರಡುತ್ತಾರೆ. ನೋಡಬೇಕಾದದ್ದು ಓಎನ್‌ಟಿಗೆ ಬರುವ ಬೆಳಕಿನ ಮಟ್ಟ. ಅದನ್ನು ಡಿಬಿಎಂನಲ್ಲಿ ಅಳೆಯುತ್ತಾರೆ, ಸೊನ್ನೆಗೆ ಹತ್ತಿರವಾದಷ್ಟೂ ಬೆಳಕು ಹೆಚ್ಚು. ಸಾಮಾನ್ಯ ಜಿಪಾನ್ (ಮನೆ ಫೈಬರ್‌ನ ಒಂದು ತಂತ್ರಜ್ಞಾನ) ಓಎನ್‌ಟಿ ಮೈನಸ್ 27 ಡಿಬಿಎಂವರೆಗೆ ಬೆಳಕು ಗುರುತಿಸಬಲ್ಲದು. ಮೈನಸ್ 26ರಲ್ಲಿ ಬಿಟ್ಟು ಹೋದ ಲೈನ್ ಬಿಸಿಲಿನಲ್ಲಿ ಓಡುತ್ತದೆ. ಜಡಿಮಳೆಗೆ ಜಾಯಿಂಟ್ ಡಬ್ಬಿಯೊಳಗೆ ನೀರಿಳಿದರೆ, ಕೊಂಬೆ ಬಿದ್ದು ಕೇಬಲ್ ಮಡಚಿದರೆ, ಒಂದೆರಡು ಡಿಬಿ ನಷ್ಟವಾಗಿ ಬೆಳಕು ಬರುತ್ತಿಲ್ಲ ಎಂದು ಸೂಚಿಸುವ ಎಲ್‌ಓಎಸ್ ದೀಪ ಕೆಂಪಾಗುತ್ತದೆ. ಮೈನಸ್ 22 ಅಥವಾ ಅದಕ್ಕಿಂತ ಉತ್ತಮ ಬಂದರೆ ಇಲ್ಲಿನ ಮಳೆಗೆ ಸ್ವಲ್ಪ ಉಸಿರಾಡಲು ಜಾಗ ಇರುತ್ತದೆ. ಎಂಟು ಕವಲಿನ ಸ್ಪ್ಲಿಟರ್ ಒಂದಕ್ಕೇ ಹತ್ತು ಡಿಬಿಗಿಂತ ಹೆಚ್ಚು ಹೋಗುತ್ತದೆ, ಕೊಳಕು ಕನೆಕ್ಟರ್ ಇನ್ನಷ್ಟು ತಿನ್ನುತ್ತದೆ. ಒರೆಸಿ ಮತ್ತೆ ಸಿಕ್ಕಿಸಿದರೆ ಎಷ್ಟೋ ಸಲ ಅಳತೆ ಸುಧಾರಿಸುತ್ತದೆ. ಒಂದು ಒಳ್ಳೆಯ ಮಳೆ ಸುರಿದು ಹೊಸ ಲೈನ್ ತಡೆದುಕೊಂಡಿತೋ ಇಲ್ಲವೋ ಎಂದು ನೋಡುವವರೆಗೆ ಹಳೆಯದನ್ನು ಯಾವ ತಿಳಿದವರೂ ಬಿಡುವುದಿಲ್ಲ. ಅಷ್ಟು ಸಮಯವನ್ನು ನೀವು ಕೊಡುತ್ತಿಲ್ಲ.

ಫೈಬರ್ ಜೊತೆಗೆ ಬಂದ ಲ್ಯಾಂಡ್‌ಲೈನ್ ನಂಬರ್‌ನದ್ದು ಬೇರೆ ಕಥೆ. 08272ರಿಂದ ಶುರುವಾಗುವ ಆ ನಂಬರ್ ಹೋಂಸ್ಟೇ ಬೋರ್ಡಿನ ಮೇಲೆ, ಬಿಲ್ ಪುಸ್ತಕದಲ್ಲಿ ಅಚ್ಚಾಗಿದೆ. ಸ್ಥಿರ ದೂರವಾಣಿಗೆ ನಂಬರ್ ಪೋರ್ಟಿಂಗ್ ಇಲ್ಲದ ಕಾರಣ ಲೈನ್ ಮುಚ್ಚಿದ ದಿನ ಅದೂ ಹೋಗುತ್ತದೆ, ಅದರ ಮೇಲಿದ್ದ ಕಾಲ್ ಫಾರ್ವರ್ಡಿಂಗ್ ಕೂಡ. ಮುಚ್ಚುವ ಅರ್ಜಿಯಲ್ಲೇ ಈ ಎಚ್ಚರಿಕೆ ಇರಬೇಕು. ಬಿಟ್ಟ ನಂಬರ್‌ಗೆ ಕರೆ ಮಾಡಿದವರಿಗೆ ಹೊಸ ನಂಬರ್ ತಿಳಿಸುವ ಧ್ವನಿ ಸಂದೇಶವನ್ನು ಕೆಲವು ವಾರ ಇಡಬೇಕು.

ಓಎನ್‌ಟಿ ಮರಳಿಸುವಾಗ ನಿಮ್ಮವರು ರಸೀದಿ ಕೊಡದೆ ಒಯ್ಯುತ್ತಾರೆ, ಆಮೇಲೆ "ಸಾಧನ ಬಂದಿಲ್ಲ" ಎಂದು ಠೇವಣಿ ತಡೆಹಿಡಿಯಲಾಗುತ್ತದೆ. ಸೀರಿಯಲ್ ನಂಬರ್, ಅಡಾಪ್ಟರ್, ದಿನಾಂಕ ಬರೆದ ರಸೀದಿ ಕೊಡದೆ ಸಾಧನ ಒಯ್ಯಬಾರದು. 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಟ್ರಾಯ್‌ನ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ ಸಂಪರ್ಕ ಮುಚ್ಚಿದ 45 ದಿನಗಳೊಳಗೆ ಠೇವಣಿ ಮರಳಬೇಕು.

ಆದ್ದರಿಂದ ಕೂಡಲೇ ಆಗಬೇಕಾದದ್ದು: ಅರ್ಜಿಯಲ್ಲಿ ಗ್ರಾಹಕರು ಬರೆದ ದಿನಾಂಕದವರೆಗೆ ಓಎಲ್‌ಟಿಯಲ್ಲಿ ಸಂಪರ್ಕ ಚಾಲೂ ಇರಬೇಕು, ಅದನ್ನು ಒಂದು ಸಲ ಮುಂದೂಡುವ ಅವಕಾಶವೂ ಇರಬೇಕು. ಅವಧಿಗೆ ಮುಂಚೆ ನಿಲ್ಲಿಸಿದ ದಿನಗಳ ಬಾಡಿಗೆಯನ್ನು ಬಿಲ್‌ನಿಂದ ಕಳೆಯಬೇಕು. ಡ್ರಾಪ್ ಕೇಬಲ್‌ನ ಖಾಲಿ ಎಳೆ ಬಳಸಲು ಸ್ಥಳೀಯ ಆಪರೇಟರ್‌ಗೆ ಲಿಖಿತ ಅನುಮತಿ ಕೊಡಬೇಕು. ನಿಮ್ಮ ಕಡೆಯಿಂದಲೇ ಮೊದಲೇ ಕಡಿತವಾಗಿದ್ದರೆ ಹೊಸ ಲೈನ್ ಬರುವವರೆಗೆ ಸಿಮ್ ರೂಟರ್ ಒದಗಿಸಬೇಕು.

ಈ ಪತ್ರಕ್ಕೆ ಡಾಕೆಟ್ (ದೂರಿನ ನೋಂದಣಿ) ಸಂಖ್ಯೆ ನೀಡಿ, ಲಿಖಿತ ಉತ್ತರ ಕಳುಹಿಸಿ. ಟಿಕೆಟ್ ಮುಚ್ಚಲಾಗಿದೆ ಎಂಬ ಎಸ್‌ಎಂಎಸ್‌ನ್ನು ನಾವು ಉತ್ತರವೆಂದು ಪರಿಗಣಿಸುವುದಿಲ್ಲ. ಪರಿಹಾರ ಸಿಗದಿದ್ದರೆ 2012ರ ದೂರು ಪರಿಹಾರ ನಿಯಮಗಳಡಿ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ನಂತರ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ.

ಇಂತಿ,
ಸಹಿ ಮಾಡಿರುವ ಗ್ರಾಹಕರು

ಲಗತ್ತು: ಮುಚ್ಚುವ ಅರ್ಜಿಗಳ ಪ್ರತಿ, ಕಡಿತದ ನಂತರ ಬಂದ ಬಿಲ್‌ಗಳು, ಎಲ್‌ಓಎಸ್ ದೀಪದ ಫೋಟೋಗಳು