ಭಾನುವಾರದ ಸೂಕ್ಷ್ಮದರ್ಶಕ ಅಭ್ಯಾಸ

ಪೋಷಕರಿಗೂ ಮಕ್ಕಳಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಎಂಟನೇ ತರಗತಿಯವರಿಗೆ ಸೂಕ್ಷ್ಮದರ್ಶಕದ ಅಭ್ಯಾಸವಿದೆ. ಅರ್ಧ ಈರುಳ್ಳಿ, ಚಿಟಿಕೆ ಉಪ್ಪು, ಸಣ್ಣ ಬಾಟಲಿಯಲ್ಲಿ ಕೆರೆಯ ನೀರು ತನ್ನಿ. ಕೆರೆಗೆ ಮಕ್ಕಳನ್ನು ಒಂಟಿಯಾಗಿ ಕಳುಹಿಸಬೇಡಿ.

ಮೊದಲು 40 ಪಟ್ಟು ಹಿಗ್ಗಿಸುತ್ತೇವೆ: ಉಪ್ಪು ಪುಟ್ಟ ಘನಗಳಾಗಿ, ಈರುಳ್ಳಿಯ ಪೊರೆ ಇಟ್ಟಿಗೆ ಗೋಡೆಯಂತೆ ಕಾಣುತ್ತದೆ. 100 ಪಟ್ಟಿನಲ್ಲಿ, ಅಯೋಡಿನ್ ಹಾಕಿದ ಪೊರೆಯ ಕೋಶಗಳೊಳಗೆ ಕೋಶಕೇಂದ್ರದ ಚುಕ್ಕೆ. 400ಕ್ಕೆ ಹೋದರೆ ಕೆಲವೇ ಕೋಶಗಳು ಕಣ್ತುಂಬುತ್ತವೆ. ಆದರೆ ಬೆಳಕು ಕುಗ್ಗುತ್ತದೆ, ಉಪ್ಪಿನ ಹರಳು ಬರೀ ಮಬ್ಬು. ಹೆಚ್ಚು ಹಿಗ್ಗಿಸಿದಷ್ಟೂ ಚೆನ್ನ ಎಂದು ಬಹಳ ಮಕ್ಕಳು ನಂಬಿದ್ದಾರೆ. ಅದನ್ನು ಅವರೇ ಪರೀಕ್ಷಿಸಲಿ ಎಂಬುದು ನನ್ನ ಆಸೆ.

400ರಲ್ಲಿ ನೋಟ ಸ್ಪಷ್ಟಗೊಳಿಸುವ ದೊಡ್ಡ ತಿರುಪನ್ನು ಮುಟ್ಟಬಾರದು, ಮಸೂರ ತಗುಲಿ ಗಾಜು ಒಡೆಯುತ್ತದೆ. ಮನೆಯಲ್ಲೇ ತಿಳಿಸಿಡಿ.

ಬರುವವರು ಶುಕ್ರವಾರ ಸಂಜೆಯೊಳಗೆ ಮಗುವಿನ ಹೆಸರನ್ನು ಇಲ್ಲಿ ಬರೆಯಿರಿ.