ಮಗಳಿಗೊಂದು ಪತ್ರ: ಆ ಬಾಗಿಲು ಎಳೆದವಳು ನಾನೇ

ಪುಟ್ಟಿ,

ನೀನು ಫೋನ್ ಇಟ್ಟು ನಾಲ್ಕು ದಿನ ಆಯಿತು. ಮತ್ತೆ ಮಾತಿಗೆ ಕೂತರೆ ಅದನ್ನೇ ಹೇಳಿಬಿಡುತ್ತೇನೇನೋ ಎಂಬ ಭಯ. ಅದಕ್ಕೇ ಬರೆಯುತ್ತಿದ್ದೇನೆ.

ವಾರ್ಡಿನಲ್ಲಿ ಆದದ್ದು ನಮ್ಮಿಬ್ಬರಿಗೂ ಗೊತ್ತು. ನೀನು ಕೊಟ್ಟ ಇನ್ಸುಲಿನ್, ಊಟ ಮಾಡದೆ ಮಲಗಿದ್ದ ರೋಗಿ ಅಜ್ಜ, ಇಳಿದುಹೋದ ಶುಗರ್. ಅವರು ಬೆವರುತ್ತಿದ್ದದ್ದನ್ನು ಮೊದಲು ನೋಡಿದ್ದು ನೀನೇ, ಆದ ತಪ್ಪನ್ನು ಇನ್ಸಿಡೆಂಟ್ ರಿಪೋರ್ಟ್‌ನಲ್ಲಿ ಬರೆದುಕೊಟ್ಟಿದ್ದೂ ನೀನೇ. ಅದನ್ನು ಕೇಳಿ ನನಗೆ ಹೆಮ್ಮೆಯಾಯಿತು. ಹಾಗಂತ ಹೇಳಬೇಕಿತ್ತು. ಡ್ಯೂಟಿ ಬದಲಾಗುವ ಹೊತ್ತಿನ ಹ್ಯಾಂಡೋವರ್‌ನಲ್ಲಿ ಎಲ್ಲರ ಎದುರು ಸೀನಿಯರ್ ಬೈದರು ಅಂತ ನೀನು ಅಳುತ್ತಿದ್ದರೆ, "ನಮ್ಮ ಕಾಲದಲ್ಲಿ ಇದಕ್ಕಿಂತ ಜಾಸ್ತಿ ಬೈಸಿಕೊಂಡಿದ್ದೇವೆ, ಸ್ವಲ್ಪ ಗಟ್ಟಿಯಾಗು" ಎಂದುಬಿಟ್ಟೆ. ತಪ್ಪಾಯಿತು ಮಗಳೇ.

ನನ್ನ ಮೂವತ್ತು ವರ್ಷದ ನರ್ಸ್ ನೌಕರಿಯ ಬಗ್ಗೆ ನಿನಗೆ ಎಷ್ಟೋ ಹೇಳಿದ್ದೇನೆ. ಇದೊಂದನ್ನು ಹೇಳಿರಲಿಲ್ಲ.

ನಮ್ಮ ವಾರ್ಡಿನ ಕೊನೆಯಲ್ಲಿ ಲಿನನ್ ರೂಮ್ ಇತ್ತು. ಒಂದು ಬೆಳಗ್ಗೆ ದಿಂಬಿನ ಕವರ್ ತರಲು ಹೋದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ, ಮಡಚಿಟ್ಟ ಬೆಡ್‌ಶೀಟ್‌ಗಳ ಮೇಲೆ, ಹೊಸದಾಗಿ ಸೇರಿದ್ದ ಹುಡುಗಿ ಕೂತಿದ್ದಳು. ಸದ್ದು ಹೊರಗೆ ಬರಬಾರದು ಅಂತ ಟವೆಲ್ ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ರಾತ್ರಿ ಡ್ರಿಪ್‌ನ ವೇಗ ತಪ್ಪಾಗಿ ಇಟ್ಟಿದ್ದಳು. ರೋಗಿಗೆ ಏನೂ ಆಗಿರಲಿಲ್ಲ. ಆದರೆ ಬೆಳಗ್ಗೆ ಎಲ್ಲರ ಮುಂದೆ ಅವಳಿಗೆ ಬೇಕಾದಷ್ಟು ಆಗಿತ್ತು. ನಾನೂ ಅಲ್ಲೇ ನಿಂತಿದ್ದೆ. ತಲೆ ತಗ್ಗಿಸಿ ಚಾರ್ಟ್ ನೋಡುತ್ತಿದ್ದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಬಾಗಿಲು ಎಳೆದುಕೊಂಡೆ.

ಮೆಲ್ಲಗೆ ಎಳೆದೆ. ಅಳುವಾಗ ಯಾರಾದರೂ ನೋಡಿದರೆ ಅವಳಿಗೆ ನಾಚಿಕೆಯಾಗುತ್ತದೆ ಅಂತ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನಿಜ ಅಲ್ಲ. ಅವಳ ಪಕ್ಕ ಕೂತರೆ ನನಗೂ ಅಳು ಬರುತ್ತಿತ್ತು. ನಾನು ಹೊಸಬಳಾಗಿದ್ದಾಗ ಅದೇ ಬೆಡ್‌ಶೀಟ್‌ಗಳ ಮೇಲೆ ಕೂತಿದ್ದೆ. ಯಾರೂ ಬಂದಿರಲಿಲ್ಲ. ಬಾಗಿಲಿನ ಹಿಡಿ ತಣ್ಣಗಿತ್ತು, ಅದು ಈಗಲೂ ಅಂಗೈಗೆ ನೆನಪಿದೆ. ಒಂದು ನಿಮಿಷ ಸಾಕಿತ್ತು. "ಏನಾಯ್ತು ಹೇಳು" ಅಂದಿದ್ದರೆ ಸಾಕಿತ್ತು. ಬೇಕಿದ್ದ ಕವರನ್ನೂ ತೆಗೆದುಕೊಳ್ಳದೆ ವಾಪಸ್ ಬಂದೆ.

ಆರು ವಾರದ ನಂತರ ಅವಳು ಕೆಲಸ ಬಿಟ್ಟಳು. ಬೀಳ್ಕೊಡುಗೆ ಕಾರ್ಡಿನ ಮೇಲೆ ನಾನು "ಶುಭವಾಗಲಿ" ಎಂದು ಬರೆದೆ.

ರೋಗಿಗೆ ತೊಂದರೆಯಾದಾಗ ಆರೈಕೆ ಮಾಡುತ್ತಿದ್ದವರಿಗೂ ಪೆಟ್ಟು ಬೀಳುತ್ತದೆ ಎಂದು 2000ದಲ್ಲಿ ಆಲ್ಬರ್ಟ್ ವೂ ಎಂಬ ಅಮೆರಿಕದ ವೈದ್ಯರು ಬರೆದರು. 'ಎರಡನೇ ಬಲಿಪಶು' ಎಂದು ಅಂಥವರನ್ನು ಕರೆದರು. ಆ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ. ಆದರೆ ಅಮೆರಿಕದ ಮಿಸೌರಿಯಲ್ಲಿ ಸೂಸನ್ ಸ್ಕಾಟ್ ಎಂಬ ನರ್ಸ್, ಇಂಥ ಪೆಟ್ಟು ತಿಂದವರನ್ನು ಮಾತಾಡಿಸಿ 2009ರಲ್ಲಿ ಬರೆದದ್ದನ್ನು ಓದಿ ನನ್ನ ಕೈ ನಡುಗಿತು. ಕೊನೆಗೆ ಮೂರು ದಾರಿಯಂತೆ. ಕೆಲವರು ಬಿಟ್ಟು ಹೋಗುತ್ತಾರೆ. ಕೆಲವರು ಹೇಗೋ ಉಳಿದುಕೊಳ್ಳುತ್ತಾರೆ. ಕೆಲವರು ಅದರಿಂದಲೇ ಬೆಳೆಯುತ್ತಾರೆ. ಅವಳು ಬಿಟ್ಟು ಹೋದಳು. ನಾನು ಉಳಿದುಕೊಂಡೆ. ನಾನು ಗಟ್ಟಿ ಅಂದುಕೊಂಡಿದ್ದು ಬರೀ ಉಳಿದುಕೊಂಡಿದ್ದಷ್ಟೇ. ಅದನ್ನೇ ನಿನಗೂ ಕಲಿಸಲು ಹೊರಟಿದ್ದೆ.

ಆ ಸ್ಕಾಟ್ ಅವರ ಆಸ್ಪತ್ರೆಯಲ್ಲಿ ಸಹೋದ್ಯೋಗಿಗಳಿಗೇ ತರಬೇತಿ ಕೊಟ್ಟು, ಇಂಥ ಹೊತ್ತಿನಲ್ಲಿ ಪಕ್ಕ ಕೂರಲು ಒಂದು ತಂಡ ಮಾಡಿದರು. ನಿಮ್ಮಲ್ಲಿ ಅಂಥದ್ದು ಇದೆಯಾ, ಕೇಳು. ಇಲ್ಲದಿದ್ದರೆ ನೀವೇ ಇಬ್ಬರು ಮೂವರು ಶುರು ಮಾಡಿ. ದೊಡ್ಡದೇನೂ ಬೇಡ. ಒಂದು ಸಾವು ಆದ ದಿನ ಮನೆಗೆ ಓಡುವ ಮೊದಲು ಐದು ನಿಮಿಷ ಒಟ್ಟಿಗೆ ಕೂತುಕೊಳ್ಳಿ. ಯಾರಿಗಾದರೂ ತಪ್ಪಾದರೆ "ಯಾಕೆ ಮಾಡಿದೆ" ಅನ್ನಬೇಡ, "ಏನಾಯ್ತು" ಅನ್ನು. ನೈಟ್‌ನಲ್ಲಿ ಮೂರರಿಂದ ಐದರವರೆಗೆ ಮೈ, ಮನಸ್ಸು ಎರಡೂ ಕುಗ್ಗಿರುತ್ತವೆ. ಆಗ ಒಬ್ಬರ ಹತ್ತಿರ ಒಬ್ಬರು ಹೋಗಿ ಮಾತಾಡಿಸಿ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂನಂಥ, ಡೋಸ್ ತಪ್ಪಿದರೆ ಅಪಾಯವಾಗುವ ಔಷಧ ಕೊಡುವ ಮುಂಚೆ ಇನ್ನೊಬ್ಬರಿಗೆ ತೋರಿಸು. ಬೈಯುವ ವಾರ್ಡಿನಲ್ಲಿ "ಇದು ಸರಿ ಇದೆಯಾ ನೋಡ್ತೀಯಾ" ಅಂತ ಕೇಳಲು ಯಾರಿಗೂ ಧೈರ್ಯ ಬರುವುದಿಲ್ಲ. ಕೇಳದಿದ್ದರೆ ತಪ್ಪು ಜಾಸ್ತಿಯಾಗುತ್ತದೆ. ತಪ್ಪಾದರೆ ಮತ್ತೆ ಬೈಗುಳ. ಈ ಸುತ್ತು ನಾನು ಮೂವತ್ತು ವರ್ಷ ನೋಡಿದ್ದೇನೆ.

ಹಾಗಂತ ಗೆಳೆತನದಿಂದ ಎಲ್ಲ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಇಬ್ಬರು ಮಾಡುವ ಕೆಲಸ ಒಬ್ಬಳ ಮೇಲೆ ಹೇರಿ, ಒಬ್ಬರನ್ನೊಬ್ಬರು ನೋಡಿಕೊಳ್ಳಿ ಅಂದರೆ ಅದು ನ್ಯಾಯ ಅಲ್ಲ. ಬರ್ನ್‌ಔಟ್, ಅಂದರೆ ಕೆಲಸದಿಂದ ದಣಿದು ಬತ್ತಿಹೋಗುವುದು, ಕೆಲಸದ ಒತ್ತಡ ನಿಭಾಯಿಸದೆ ಬಿಟ್ಟಾಗ ಬರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೇಳಿದೆ. ಅದು ನಿನ್ನ ದುರ್ಬಲತೆ ಅಲ್ಲ. ನಿದ್ದೆ ಹೀಗೇ ಬರದೆ ಹೋದರೆ ಡಾಕ್ಟರ ಹತ್ತಿರ ಹೋಗು. ದಯವಿಟ್ಟು ಹೋಗು. ನಿನ್ನೆ ರಾತ್ರಿ ಮಲಗಿದೆಯಾ?

ಕ್ಷಮೆ ಕೇಳಲು ಕೂತವಳು ಎಷ್ಟು ಉಪದೇಶ ಮಾಡಿಬಿಟ್ಟೆ. ಕೆಲಸ ಬಿಡುತ್ತೇನೆ ಅಂತ ನೀನು ಅಂದೆಯಲ್ಲ, ಅದೇ ಭಯ ಇದನ್ನೆಲ್ಲ ಬರೆಸುತ್ತಿದೆ. ಬಿಟ್ಟರೂ ನೀನು ನನ್ನ ಮಗಳೇ. ಆದರೆ ಯಾರೂ ಪಕ್ಕ ಕೂರಲಿಲ್ಲ ಅನ್ನುವ ಕಾರಣಕ್ಕೆ ಬಿಡಬೇಡ.

ಆವತ್ತು ಫೋನಿನಲ್ಲಿ ನೀನು "ಅಮ್ಮ, ಒಬ್ಬಳು ಬಂದು ನನ್ನ ಹತ್ತಿರ..." ಅಂತ ಶುರು ಮಾಡಿದ್ದೆ. ನಾನು ಅಡ್ಡ ಮಾತಾಡಿದೆ. ಯಾರವಳು? ಬಂದು ಏನು ಮಾಡಿದಳು? ಡ್ಯೂಟಿ ಮುಗಿದ ಮೇಲೆ ಫೋನ್ ಮಾಡು. ನೀನು ಹೇಳಿ ಮುಗಿಸುವವರೆಗೆ ನಾನು ಸುಮ್ನೆ ಕೇಳುತ್ತೇನೆ.

ನಿನ್ನ
ಅಮ್ಮ