ಮಾಸ್ಟ್ರ ಹೆಸರಿನಲ್ಲಿ ಒಂದು ಪೂಜೆ

ಪ್ರೀತಿಯ ಗೆಳೆಯಾ,

ಮಾಸ್ಟ್ರು ಹೋಗಿ ಏಳು ದಿನ ಆದಾಗ ನಾನು ಫೋನ್ ಮಾಡಿ, "ನಮ್ಮ ಇಗರ್ಜಿಯಲ್ಲಿ ಅವರಿಗಾಗಿ ಒಂದು ಪೂಜೆ ಇಡಿಸುತ್ತೇನೆ" ಅಂದಿದ್ದೆ. ನೀನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೇಡ ಮಾರಾಯಾ. ಅಪ್ಪ ಕರ್ತನ ಹತ್ತಿರ ಇದ್ದಾರೆ. ಅವರಿಗೆ ಇನ್ನು ಯಾರ ಶಿಫಾರಸೂ ಬೇಕಾಗಿಲ್ಲ" ಅಂದೆ. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸದೆ, ಸತ್ತವರಿಗಾಗಿ ಪ್ರಾರ್ಥಿಸುವ ಮಾತಿರುವ ಎರಡನೆಯ ಮಕ್ಕಬಿಯರ ಗ್ರಂಥದ ಹನ್ನೆರಡನೆಯ ಅಧ್ಯಾಯ ಎತ್ತಿದೆ. "ಆ ಪುಸ್ತಕವೇ ನಮ್ಮ ಸತ್ಯವೇದದಲ್ಲಿ ಇಲ್ಲವಲ್ಲ" ಎಂದು ಹೇಳಿ ನೀನು ಫೋನ್ ಇಟ್ಟೆ.

ಮೂರು ವಾರದಿಂದ ಆ ಮಾತು ನನ್ನ ಜೊತೆಯಲ್ಲೇ ಉಂಟು. ನಲವತ್ತು ವರ್ಷ ಒಂದೇ ಬೆಂಚು, ಒಂದೇ ಬಸ್ಸು, ಒಂದೇ ಪಾತ್ರೆಯ ಗಂಜಿ ಹಂಚಿಕೊಂಡವರು ನಾವು. ಈ ಒಂದು ವಿಷಯವನ್ನು ಮಾತ್ರ ಒಮ್ಮೆಯೂ ಮುಟ್ಟಿರಲಿಲ್ಲ. ನೀವು ಪ್ರೊಟೆಸ್ಟಂಟರು ಸುವಾರ್ತೆ ಅನ್ನುತ್ತೀರಿ, ನಾವು ಕಥೋಲಿಕರು ಶುಭಸಂದೇಶ. ನಿಮಗೆ ಯೋಹಾನ, ನಮಗೆ ಯೊವಾನ್ನ. ನಿಮ್ಮದು ಕರ್ತನ ಭೋಜನ, ನಮ್ಮದು ಪರಮಪ್ರಸಾದ. ಶಬ್ದ ಬೇರೆ, ಅಷ್ಟೇ ಎಂದುಕೊಂಡು ದಾಟಿಹೋಗುತ್ತಿದ್ದೆವು. ಈ ಸಲ ದಾಟಲಾಗಲಿಲ್ಲ. ಹಾಗಾಗಿ ಕೂತು ಓದಿದೆ. ಓದಿದ್ದನ್ನು ನಿನಗೆ ಹೇಳದೆ ಇನ್ನಾರಿಗೆ ಹೇಳಲಿ?

ನಮ್ಮ ಫೋನಿನ ಮಾತು 1519ರ ಜುಲೈಯಲ್ಲಿ ಜರ್ಮನಿಯ ಲೈಪ್ಸಿಗ್ ಊರಿನ ಕೋಟೆಯೊಳಗೆ ಆಗಲೇ ನಡೆದುಹೋಗಿದೆ, ಗೊತ್ತುಂಟಾ? ಒಂದು ಕಡೆ ಇಂಗೊಲ್‌ಸ್ಟಾಟ್ ವಿಶ್ವವಿದ್ಯಾಲಯದ ಯೊಹಾನ್ ಎಕ್, ಇನ್ನೊಂದು ಕಡೆ ವಿಟೆನ್‌ಬರ್ಗಿನ ಮಾರ್ಟಿನ್ ಲೂಥರ್. ಸತ್ತವರ ಆತ್ಮ ಸ್ವರ್ಗ ಸೇರುವ ಮೊದಲು ಪಡೆಯುವ ಶುದ್ಧೀಕರಣದ ಮಾತು ಬಂದಾಗ ಎಕ್ ತೆರೆದದ್ದು ನಾನು ತೆರೆದ ಅದೇ ಪುಟವನ್ನು. ಯುದ್ಧದಲ್ಲಿ ಮಡಿದ ತನ್ನ ಸೈನಿಕರ ಪಾಪಪರಿಹಾರಕ್ಕೆಂದು ಯೆಹೂದ್ಯರ ಸೇನಾಪತಿ ಯೂದ ಮಕ್ಕಬಿ ಎರಡು ಸಾವಿರ ಬೆಳ್ಳಿಯ ದ್ರಾಕ್ಮಾ ಕೂಡಿಸಿ ಜೆರುಸಲೇಮಿಗೆ ಕಳಿಸಿದ ಕತೆ. ಲೂಥರ್ ಕೊಟ್ಟ ಉತ್ತರವೂ ನಿನ್ನದೇ: ಆ ಗ್ರಂಥ ಶಾಸ್ತ್ರದ ಪಟ್ಟಿಗೆ ಸೇರಿದ್ದಲ್ಲ, ಅದನ್ನು ವಾದಕ್ಕೆ ಆಧಾರವಾಗಿ ತರಬೇಡ.

ಅವನು ಅದನ್ನು ಸುಮ್ಮನೆ ಹುಟ್ಟಿಸಿ ಹೇಳಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಅವನಿಗಿಂತ ಸಾವಿರದ ನೂರು ವರ್ಷ ಮೊದಲೇ ನಮ್ಮ ಸಂತ ಜೆರೋಮ್ ಹೀಬ್ರೂ ಭಾಷೆಯಲ್ಲಿ ಸಿಗುವ ಗ್ರಂಥಗಳಿಗೇ ಹೆಚ್ಚಿನ ಮಾನ್ಯತೆ ಕೊಟ್ಟಿದ್ದರು. ಆದರೆ 397ರಲ್ಲಿ ಕಾರ್ತೇಜಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಪಟ್ಟಿಯಲ್ಲಿ ಮಕ್ಕಬಿಯರ ಗ್ರಂಥಗಳು ಇವೆ. 1546ರ ಏಪ್ರಿಲಿನಲ್ಲಿ ಧರ್ಮಾಧ್ಯಕ್ಷರೆಲ್ಲ ಸೇರಿದ ಟ್ರೆಂಟ್ ಮಹಾಸಭೆ ಆ ಪಟ್ಟಿಗೇ ಮುದ್ರೆ ಒತ್ತಿತು. ನಿನ್ನದು 66 ಪುಸ್ತಕ, ನನ್ನದು 73. ಲೂಥರ್ ಕೂಡ ಆ ಪುಸ್ತಕಗಳನ್ನು ಕಿತ್ತು ಎಸೆಯಲಿಲ್ಲ. 1534ರ ತನ್ನ ಜರ್ಮನ್ ಬೈಬಲಿನಲ್ಲಿ ಹಳೆ, ಹೊಸ ಒಡಂಬಡಿಕೆಗಳ ನಡುವೆ ಅವನ್ನು ಅಚ್ಚು ಹಾಕಿಸಿ, ಪವಿತ್ರ ಶಾಸ್ತ್ರಕ್ಕೆ ಸಮವಲ್ಲದಿದ್ದರೂ ಓದಲು ಒಳ್ಳೆಯವು ಎಂದು ಬರೆಸಿದ.

ನನ್ನ ಪ್ರಶ್ನೆ ಇಲ್ಲೇ ಇರುವುದು. ಸತ್ಯವೇದ ಒಂದೇ ಸಾಕು ಎನ್ನುತ್ತೀಯಲ್ಲ, ಆ ಸತ್ಯವೇದದ ಮೊದಲ ಪುಟದ ಪರಿವಿಡಿ ಅದರೊಳಗಿನ ಯಾವ ವಚನದಿಂದ ಬಂತು? ಯಾವ ವಚನದಿಂದಲೂ ಅಲ್ಲ. ಯಾರೋ ಕೂತು, ಪ್ರಾರ್ಥಿಸಿ, ವಾದಿಸಿ, ಇದು ಹೌದು, ಇದು ಅಲ್ಲ ಎಂದು ಆರಿಸಿದರು. ಬೆಳಕನ್ನು ಕತ್ತಲೆಯಿಂದ, ಬಿಳಿಯನ್ನು ಕಪ್ಪಿನಿಂದ ಗುರುತಿಸುವ ಹಾಗೆ ದೇವರ ವಾಕ್ಯವನ್ನು ವಿಶ್ವಾಸಿ ತಾನೇ ಗುರುತಿಸುತ್ತಾನೆ ಎಂದು ನಿಮ್ಮ ಸುಧಾರಕ ಕಾಲ್ವಿನ್ ಬರೆದ. ಚೆಂದದ ಮಾತು, ಎರಡು ದಿನ ಅದರ ಮೇಲೇ ಯೋಚಿಸಿದೆ. ಆದರೆ 397ರಲ್ಲಿ ಕೂತವರೂ ಅದೇ ಬೆಳಕಿನಲ್ಲಿ ನೋಡಿದ ವಿಶ್ವಾಸಿಗಳೇ ಅಲ್ಲವೇ? ಅವರ ಕಣ್ಣಿಗೆ ಆ ಪುಸ್ತಕಗಳೂ ಬೆಳಕಾಗಿಯೇ ಕಂಡವು. ನಾನು ನನ್ನ ಕಣ್ಣಿಗಿಂತ ಅವರ ಕಣ್ಣನ್ನು ಹೆಚ್ಚು ನಂಬುತ್ತೇನೆ. ನಾನು ಕಥೋಲಿಕನಾಗಿ ಉಳಿದಿರುವುದಕ್ಕೆ ಹುಟ್ಟು ಒಂದೇ ಕಾರಣ ಅಲ್ಲ, ಇದೂ ಒಂದು.

ಇಷ್ಟು ಹೇಳಿದ ಮೇಲೆ, ಲೂಥರನಿಗೆ ಆ ಪುಟವನ್ನು ಕಂಡರೆ ಯಾಕಾಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಶಾಲೆಯ ಚರಿತ್ರೆ ಪಾಠದಲ್ಲಿ 'ಪಾಪ ವಿಮೋಚನಾ ಪತ್ರ' ಎಂದು ಓದಿದ್ದೆವಲ್ಲ. ಧರ್ಮಸಭೆ ಕಲಿಸುತ್ತಿದ್ದುದು ಪಾಪ ಮಾರಾಟಕ್ಕೆ ಉಂಟು ಎಂದಲ್ಲ. ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಿ ಕ್ಷಮೆ ಪಡೆದ ಮೇಲೂ ಉಳಿಯುವ ದಂಡನೆಗೆ ರಿಯಾಯಿತಿ ಎಂದು. ಆದರೆ ನಡೆದದ್ದು ಏನು? ಮ್ಯಾಗ್ಡೆಬರ್ಗಿನ ಆರ್ಚ್‌ಬಿಷಪ್ ಆಗಿದ್ದ ಆಲ್ಬ್ರೆಕ್ಟ್‌ನಿಗೆ 1514ರಲ್ಲಿ ಮೈಂಟ್ಸ್ ಪೀಠವೂ ಸಿಕ್ಕಿತು. ಅದಕ್ಕಾಗಿ ರೋಮಿಗೆ ಕಟ್ಟಬೇಕಾದ ಹಣವನ್ನು ಔಗ್ಸ್‌ಬರ್ಗಿನ ಫುಗ್ಗರ್ ಲೇವಾದೇವಿ ಮನೆತನದಿಂದ ಸಾಲ ತಂದ. ಆ ಸಾಲ ತೀರಿಸಲು ಪೋಪ್ ಹತ್ತನೆಯ ಲಿಯೋ ಅವನಿಗೆ ಪತ್ರ ಮಾರಲು ಬಿಟ್ಟರು. ವಸೂಲಿಯಲ್ಲಿ ಅರ್ಧ ಸಂತ ಪೇತ್ರರ ಮಹಾದೇವಾಲಯ ಕಟ್ಟಲಿಕ್ಕೆ, ಅರ್ಧ ಸಾಲಕ್ಕೆ. ಸತ್ತವರ ಹೆಸರಿನಲ್ಲಿ ಪತ್ರ ಕೊಳ್ಳುವವರು ಪಾಪನಿವೇದನೆ ಮಾಡಬೇಕೆಂದಿಲ್ಲ, ಪಶ್ಚಾತ್ತಾಪವೂ ಬೇಕಿಲ್ಲ, ಹಣ ಹಾಕಿದರೆ ಸಾಕು ಎಂದು ಆಲ್ಬ್ರೆಕ್ಟ್‌ನ ಹೆಸರಿನಲ್ಲಿ ಹೊರಟ ಸೂಚನೆಯಲ್ಲೇ ಇತ್ತು. ಪತ್ರ ಮಾರುತ್ತಿದ್ದ ಬೋಧಕ ಟೆಟ್ಜೆಲ್‌ನಿಗೆ ವಿಟೆನ್‌ಬರ್ಗಿಗೆ ಪ್ರವೇಶ ಇರಲಿಲ್ಲ. ಅಲ್ಲಿಯ ಜನ ಗಡಿ ದಾಟಿ ಯೂಟರ್‌ಬೋಗ್‌ಗೆ ಹೋಗಿ ಕೊಂಡು ತಂದರು.

ಮಾಸ್ಟ್ರು ಹೋದ ವಾರದಲ್ಲಿ ನಿನ್ನ ಮುಖ ನೋಡಿದವನು ನಾನು. ಅಂಥ ವಾರದಲ್ಲಿ ಮಗನೊಬ್ಬನ ಎದುರು ಪೆಟ್ಟಿಗೆ ಇಟ್ಟು ಕೂತರೆ ಅವನು ಏನನ್ನು ತಾನೇ ಹಾಕದೆ ಇದ್ದಾನು? ಇದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಹಣ ಕೊಟ್ಟರೆ ಸಿಗುವ ರಿಯಾಯಿತಿಗಳನ್ನೆಲ್ಲ ಪೋಪ್ ಐದನೆಯ ಪಿಯುಸ್ ರದ್ದು ಮಾಡಿದ್ದು 1567ರಲ್ಲಿ, ಲೂಥರ್ ಕೂಗಿ ಐವತ್ತು ವರ್ಷ ಕಳೆದ ಮೇಲೆ. ನೀನು 'ಶಿಫಾರಸು' ಎಂದ ಮಾತು ಎಲ್ಲಿಂದ ಬಂತು ಎಂಬುದು ಈಗ ತಿಳಿಯುತ್ತದೆ. ನಿನ್ನ ಮುತ್ತಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಾ ಕೇಳಿದ ಸುವಾರ್ತೆ 1834ರಲ್ಲಿ ಬಾಸೆಲಿನಿಂದ ಮಂಗಳೂರಿಗೆ ಹಡಗಿನಲ್ಲಿ ಬಂದದ್ದು. ಆ ಬೋಧಕರು ಈ ನೋವನ್ನೂ ಜೊತೆಗೇ ತಂದಿದ್ದರು. ಅದು ಸುಳ್ಳು ನೋವಲ್ಲ.

ಲೈಪ್ಸಿಗ್‌ನಲ್ಲಿ ಇನ್ನೂ ದೊಡ್ಡದೊಂದು ನಡೆಯಿತು. ಎಕ್ ಜಾಣ. ನೀನು ಆಡುವುದು ನೂರು ವರ್ಷದ ಹಿಂದೆ ಮಹಾಸಭೆ ಖಂಡಿಸಿದ ಪ್ರಾಗ್ ಊರಿನ ಬೋಧಕ ಯಾನ್ ಹುಸ್‌ನ ಮಾತು ಎಂದ. ಆ ಊರಿನಲ್ಲಿ ಅದು ಬೈಗುಳಕ್ಕಿಂತ ಕಡೆ: ಹುಸ್‌ನ ಪಕ್ಷದ ಜೊತೆ ಜಗಳವಾಗಿ ಪ್ರಾಗ್ ಬಿಟ್ಟುಬಂದ ಜರ್ಮನ್ ಪಂಡಿತರೇ 1409ರಲ್ಲಿ ಲೈಪ್ಸಿಗ್ ವಿಶ್ವವಿದ್ಯಾಲಯವನ್ನು ಕಟ್ಟಿದವರು. ಲೂಥರ್ ಮೊದಲು ಅಲ್ಲಗಳೆದ. ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಕಾನ್‌ಸ್ಟನ್ಸ್ ಮಹಾಸಭೆಯ ತೀರ್ಪನ್ನು ಓದಿ ಬಂದು, ಹುಸ್‌ನ ಮಾತುಗಳಲ್ಲಿ ಹಲವು ಅಪ್ಪಟ ಕ್ರೈಸ್ತ ಮಾತುಗಳೇ, ಅವನ್ನು ಖಂಡಿಸಲು ಬರುವುದಿಲ್ಲ ಎಂದ. ಅಂದರೆ ಪೋಪ್ ಮಾತ್ರವಲ್ಲ, ಮಹಾಸಭೆಯೂ ತಪ್ಪಬಹುದು. ಅಲ್ಲಿಂದ ಮುಂದೆ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಎರಡು ವರ್ಷದ ಮೇಲೆ ವೋರ್ಮ್ಸ್‌ನಲ್ಲಿ ಚಕ್ರವರ್ತಿಯ ಎದುರು ಅವನು ನಿಂತದ್ದು ಇದೇ ಮಾತಿನ ಮೇಲೆ: ಶಾಸ್ತ್ರದಿಂದಲೋ ಸ್ಪಷ್ಟ ತರ್ಕದಿಂದಲೋ ತೋರಿಸಿಕೊಡಿ, ಪೋಪರನ್ನೂ ಮಹಾಸಭೆಗಳನ್ನೂ ಮಾತ್ರ ನಂಬಿ ನಾನು ಹಿಂದೆ ಸರಿಯಲಾರೆ.

ಹುಸ್‌ನ ವಿಷಯದಲ್ಲಿ ನನಗೆ ಲೂಥರನೇ ಸರಿ ಎನಿಸುತ್ತದೆ. ರಾಜ ಸಿಗಿಸ್ಮಂಡ್ ಕೊಟ್ಟ ಅಭಯಪತ್ರ ನಂಬಿ ಕಾನ್‌ಸ್ಟನ್ಸ್‌ಗೆ ಬಂದವನನ್ನು ಹಿಡಿದು 1415ರ ಜುಲೈ 6ರಂದು ಸುಟ್ಟರು. ಎರಡನೆಯ ಜಾನ್ ಪಾಲ್ ಆ ಕ್ರೂರ ಸಾವಿಗೆ ವಿಷಾದ ಹೇಳಿದ್ದು 1999ರ ಡಿಸೆಂಬರಿನಲ್ಲಿ. ಅದೇ ಮಹಾಸಭೆ, ಮೂವರು ಪೋಪರು ಏಕಕಾಲಕ್ಕೆ ಕಿತ್ತಾಡುತ್ತಿದ್ದ ಆ ಕಾಲದಲ್ಲಿ, ಪೋಪ್ ಕೂಡ ಮಹಾಸಭೆಗೆ ತಲೆಬಾಗಬೇಕು ಎಂದು ಬರೆಯಿತು. 1870ರ ಜುಲೈ 18ರಂದು ವ್ಯಾಟಿಕನ್ ಮಹಾಸಭೆ 533ಕ್ಕೆ 2 ಮತಗಳಿಂದ ಬರೆದದ್ದು ಬೇರೆ: ವಿಶ್ವಗುರುಗಳು, ಅಂದರೆ ಪೋಪ್, ಪೀಠದಿಂದ ವಿಶ್ವಾಸದ ವಿಷಯದಲ್ಲಿ ವಿಧಿಸಿದ ಮಾತಿಗೆ ಧರ್ಮಸಭೆಯ ಒಪ್ಪಿಗೆ ಬೇಕಾಗಿಲ್ಲ. ಇವೆರಡನ್ನೂ ಹೊಂದಿಸಿ ಹೇಳುವ ನಮ್ಮ ಪಂಡಿತರು ಇದ್ದಾರೆ. ಓದಿದೆ. ಪೂರ್ತಿ ಸಮಾಧಾನ ಆಗಲಿಲ್ಲ ಎಂದು ನಿನಗೆ ಹೇಳಲು ನನಗೆ ಅಂಜಿಕೆ ಇಲ್ಲ.

ಹಾಗಾದರೆ ನಿನ್ನ ದಾರಿಗೇ ಬಾ ಎನ್ನುತ್ತೀಯಾ? ಮಾರ್‌ಬರ್ಗ್ ನನ್ನನ್ನು ತಡೆಯುತ್ತದೆ. 1529ರ ಅಕ್ಟೋಬರಿನಲ್ಲಿ ಲೂಥರ್ ಮತ್ತು ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿ ಅಲ್ಲಿ ಒಂದೇ ಮೇಜಿನ ಎದುರು ಕೂತರು. ಇಬ್ಬರಿಗೂ ಪೋಪ್ ಬೇಡ, ಇಬ್ಬರ ಕೈಯಲ್ಲೂ ಅದೇ ಶಾಸ್ತ್ರ. ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ "ಇದು ನನ್ನ ದೇಹ" ಎಂದು ಲ್ಯಾಟಿನ್‌ನಲ್ಲಿ ಬರೆದಿಟ್ಟುಕೊಂಡ. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿದರು. ಹದಿನೈದನೆಯದು ಆ ಮಾತಿನ ಅರ್ಥ. ಅದರ ಮೇಲೆ ಮುರಿದುಬಿತ್ತು. ಶಾಸ್ತ್ರ ಸ್ಪಷ್ಟ ಎಂದವರಿಗೇ ಒಂದು ಸಣ್ಣ ವಾಕ್ಯ ಎರಡಾಗಿ ಕಂಡರೆ, ಯಾರ ಓದು ಸರಿ ಎಂದು ಹೇಳಲು ಮೇಜಿನ ಸುತ್ತ ಯಾರೂ ಉಳಿಯಲಿಲ್ಲ. ನೀವು ಸೇರಿರುವ ಸಿ.ಎಸ್.ಐ. ಸಭೆ 1947ರಲ್ಲಿ ಹುಟ್ಟುವಾಗ ಬಿಷಪ್ ಪದವಿಯನ್ನು ಒಪ್ಪಿಕೊಂಡೇ ಹುಟ್ಟಿತಲ್ಲ. ಮನೆಗೊಬ್ಬ ಹಿರಿಯ ಬೇಕು ಎಂಬುದು ನಿಮ್ಮವರಿಗೂ ಅನಿಸಿದ್ದಕ್ಕೇ ಇರಬೇಕು ಎಂದು ನನ್ನ ಎಣಿಕೆ. ತಪ್ಪಿದ್ದರೆ ತಿದ್ದು.

ಮನುಷ್ಯ ನೀತಿವಂತನೆನಿಸುವುದು ದೇವರ ಕೃಪೆಯಿಂದ, ವಿಶ್ವಾಸದ ಮೂಲಕ ಎಂಬ ಲೂಥರನ ಮುಖ್ಯ ಮಾತಿನ ಮೇಲೆ 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಲೂಥರನ್ ಸಭೆಗಳೂ ರೋಮೂ ಒಂದೇ ಕಾಗದಕ್ಕೆ ಸಹಿ ಹಾಕಿದರು. ಯಾವ ಮಾತಿಗಾಗಿ ಮನೆ ಒಡೆಯಿತೋ ಆ ಮಾತಿನ ಮೂಲಸತ್ಯದಲ್ಲಿ ಈಗ ಒಮ್ಮತ ಉಂಟು. ಉಳಿದದ್ದು ಕೊನೆಯ ಮಾತು ಯಾರದ್ದು ಎಂಬುದು, ಮತ್ತು ಮೇಜು. ಮಾಸ್ಟ್ರ ಸ್ಮರಣೆಯ ಆರಾಧನೆಯಲ್ಲಿ ಎಲ್ಲರೂ ಕರ್ತನ ಭೋಜನಕ್ಕೆ ಎದ್ದಾಗ ನಾನು ಬೆಂಚಿನಲ್ಲೇ ಕೂತೆ. ಅಮ್ಮ ತಿರುಗಿ ನೋಡಿದರು. ಅವರಿಗೆ ನಾನೇ ಹೇಳಬೇಕು ಎಂದಿದ್ದೇನೆ: ಅದು ಅಸಡ್ಡೆಯಲ್ಲ, ನನ್ನ ಧರ್ಮಸಭೆಗೆ ನಾನು ಕೊಟ್ಟ ಮಾತು. ಆ ಐದು ನಿಮಿಷ ನನ್ನ ಪಾಲಿಗೆ ಬಹಳ ಉದ್ದವಾಗಿತ್ತು.

ಇನ್ನು ಪೂಜೆಯ ವಿಷಯ. ಎಂಟನೇ ಕ್ಲಾಸಿನಲ್ಲಿ ನನ್ನ ಅಪ್ಪ ಸತ್ತಾಗ ಮಾಸ್ಟ್ರು ಬಂದಿದ್ದರು, ನಿನಗೆ ನೆನಪಿರಬಹುದು. ಪೂಜೆ ಮುಗಿಯುವ ತನಕ ಹಿಂದಿನ ಬೆಂಚಿನಲ್ಲಿ ಕೂತರು. ಸಿಮೆಟ್ರಿಯಲ್ಲಿ ಫಾದರ್ ಮೃತರಿಗಾಗಿ ಪ್ರಾರ್ಥಿಸುವಾಗ ತಲೆ ತಗ್ಗಿಸಿ ನಿಂತಿದ್ದರು, ಅವರ ಕೈ ನನ್ನ ಹೆಗಲ ಮೇಲಿತ್ತು. ಮನೆಯಲ್ಲಿ ಕೊಂಕಣಿ ಬಿಟ್ಟು ಬೇರೆ ಬಾರದ ನನಗೆ ಕನ್ನಡ ಕಲಿಸಿದವರು ಅವರು. ಈ ಪತ್ರ ಬರೆಯುತ್ತಿರುವ ಭಾಷೆಯೇ ಅವರದ್ದು. ಅವರಿಗಾಗಿ ನಾನು ದೇವರ ಹತ್ತಿರ ಒಂದು ಮಾತು ಆಡಬಾರದು ಎಂದರೆ ನನ್ನಿಂದ ಹೇಗಾಗುತ್ತದೆ?

ಲೂಥರ್ 1528ರಲ್ಲಿ ಬರೆದ ವಿಶ್ವಾಸ ನಿವೇದನೆಯಲ್ಲಿ ಒಂದು ಕಡೆ ಸತ್ತವರ ಮಾತು ಬರುತ್ತದೆ. ಹಣದ ಪೂಜೆಗಳನ್ನು ಅವನು ಅಲ್ಲಿಯೂ ಬಿಡುವುದಿಲ್ಲ. ಆದರೆ, ಶಾಸ್ತ್ರ ಈ ಬಗ್ಗೆ ಏನೂ ಹೇಳದ ಕಾರಣ, ಈ ಆತ್ಮಕ್ಕೆ ಸಹಾಯ ಆಗುವಂತಿದ್ದರೆ ದೇವರೇ ಕರುಣೆ ತೋರಿಸು ಎಂದು ಸ್ವಂತ ಭಕ್ತಿಯಿಂದ ಒಂದೆರಡು ಸಲ ಕೇಳಿಕೊಳ್ಳುವುದು ಪಾಪವಲ್ಲ ಎನ್ನುತ್ತಾನೆ. ಎರಡು ವರ್ಷದ ಮೇಲೆ, 1530ರ ಜೂನಿನಲ್ಲಿ, ಕೋಬುರ್ಗ್ ಕೋಟೆಯಲ್ಲಿದ್ದಾಗ ಅವನಿಗೆ ತನ್ನ ಅಪ್ಪ ಹಾನ್ಸ್ ತೀರಿಕೊಂಡ ಸುದ್ದಿ ಬಂತು. ಕೀರ್ತನೆಗಳ ಪುಸ್ತಕ ಎತ್ತಿಕೊಂಡು ಕೋಣೆಗೆ ಹೋಗಿ ಅತ್ತ. ಒಳಗೆ ಏನು ಪ್ರಾರ್ಥಿಸಿದನೋ ಅವನಿಗೂ ದೇವರಿಗೂ ಗೊತ್ತು.

ನವೆಂಬರ್ 2 ನಮಗೆ ಸಕಲ ಮೃತರ ಸ್ಮರಣೆಯ ದಿನ. ಇಗರ್ಜಿಯಲ್ಲಿ ಹೆಸರು ಬರೆದು ಕೊಡುವ ಚೀಟಿ ತಂದಿಟ್ಟಿದ್ದೇನೆ. ನನ್ನ ಅಪ್ಪನ ಹೆಸರು ಬರೆದಾಯಿತು. ಅದರ ಕೆಳಗೆ ಮಾಸ್ಟ್ರ ಹೆಸರು ಬರೆಯುವುದಕ್ಕೆ ನಿನ್ನ ಒಪ್ಪಿಗೆ ಬೇಕು. ಅವರು ಮೊದಲು ನಿನ್ನ ಅಪ್ಪ, ಆಮೇಲೆ ನನ್ನ ಮಾಸ್ಟ್ರು. ಬೇಡ ಅಂದರೆ ಬರೆಯುವುದಿಲ್ಲ, ಮನಸ್ಸಿನಲ್ಲಿ ಲೂಥರ್ ಹೇಳಿದ ಹಾಗೆ ಒಂದೆರಡು ಸಲ ಕೇಳಿಕೊಳ್ಳುತ್ತೇನೆ. ಚೀಟಿ ಕೊಡಲು ಅಕ್ಟೋಬರಿನ ಕಡೇ ಭಾನುವಾರದ ತನಕ ಸಮಯ ಉಂಟು. ಅದಕ್ಕೆ ಮೊದಲು ಒಂದು ಸಂಜೆ ಮನೆಗೆ ಬರುತ್ತೇನೆ. ಅಮ್ಮನಿಗೆ ಹೇಳು, ಏನೂ ವಿಶೇಷ ಮಾಡುವುದು ಬೇಡ, ಗಂಜಿ ಸಾಕು. ಮಾಸ್ಟ್ರು ಪೆನ್ಸಿಲಿನಲ್ಲಿ ಗೆರೆ ಹಾಕಿದ ಆ ಹಳೆ ಸತ್ಯವೇದವನ್ನು ಮೇಜಿನ ಮೇಲೆ ತೆಗೆದಿಡು, ನೋಡಬೇಕು.

ನಿನ್ನ ಗೆಳೆಯ